ಫ್ಲಿಕರ್ ಎಂಬ ಪದದ ಮುಂದೆ

ಕಳೆದ ಮಳೆಗಾಲದಲ್ಲಿ ಒಂದು ಕನ್ನಡ ಲೇಖನ ಬರೆಯಲು ಕೂತವಳು ಒಂದೇ ಒಂದು ಪದದ ಮುಂದೆ ಮೂರು ದಿನ ನಿಂತುಬಿಟ್ಟೆ. ಲೇಖನ ಇದ್ದದ್ದು ನೈತಿಕ ಹೊಣೆಗಾರಿಕೆಯ ಬಗ್ಗೆ. ಮಾಡಿದ ಕೆಲಸಕ್ಕೆ ಮನುಷ್ಯ ಯಾವಾಗ ಹೊಣೆ, ಯಾವಾಗ ಅಲ್ಲ ಎಂಬ ಹಳೆಯ ಚರ್ಚೆ. ಆ ಚರ್ಚೆಯಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಮಾರ್ಟಿನ್ ಫಿಶರ್ ಬಳಕೆಗೆ ತಂದ ಒಂದು ನುಡಿಗಟ್ಟಿದೆ: ಫ್ಲಿಕರ್ ಆಫ್ ಫ್ರೀಡಂ. ಫ್ರೀಡಂ ಎಂದರೆ ಸ್ವಾತಂತ್ರ್ಯ, ಅದರಲ್ಲಿ ತಕರಾರಿಲ್ಲ. ಫ್ಲಿಕರ್‌ಗೆ ಏನು ಮಾಡುವುದು?

ಮೊದಲು 'ಮಿನುಗು' ಎಂದು ಬರೆದೆ. ಸ್ವಾತಂತ್ರ್ಯದ ಮಿನುಗು. ಓದಿದರೆ ಒಡವೆ ಅಂಗಡಿಯ ಜಾಹೀರಾತಿನ ಹಾಗಿತ್ತು. ಮಿನುಗುವುದು ನಕ್ಷತ್ರ, ಮೂಗುತಿ, ಹಬ್ಬದ ದಿನ ಕಿಟಕಿಗೆ ಕಟ್ಟಿದ ಸೀರಿಯಲ್ ಸೆಟ್ಟು. ಅಲ್ಲಿ ಯಾವ ಅಪಾಯವೂ ಇಲ್ಲ. ನಕ್ಷತ್ರ ಮಿನುಗುವಂತೆ ಕಾಣುವುದು ನಮ್ಮ ತಲೆಯ ಮೇಲಿನ ಗಾಳಿ ಅಲುಗಾಡುವುದರಿಂದ. ನಕ್ಷತ್ರಕ್ಕೆ ಅದರ ಸುದ್ದಿಯೇ ಇಲ್ಲ. 'ಮಿಣುಕು' ಸ್ವಲ್ಪ ಹತ್ತಿರ ಬಂತು. ಮಿಣುಕು ಹುಳದ ಮಿಣುಕು, ಗುಡ್ಡದಾಚೆ ಒಂಟಿ ಮನೆಯ ಮಿಣುಕು. ಆದರೆ ಅದರಲ್ಲಿ ಬೆಳಕು ಚಿಕ್ಕದು ಎನ್ನುವ ಅರ್ಥವೇ ಮುಂದೆ ನಿಂತು, ನಿಲ್ಲದ ಬೆಳಕು ಎನ್ನುವುದು ಹಿಂದೆ ಸರಿಯುತ್ತದೆ. 'ಚಂಚಲತೆ' ಎಂದರೆ ಬೆಳಕೇ ಹೋಗಿ ಬರೀ ಬೈಗುಳ ಉಳಿಯಿತು. ಕೊನೆಗೆ ಉಳಿದದ್ದು 'ಹೊಯ್ದಾಟ'.

ಹೊಯ್ದಾಟ ನನಗೆ ಪದಕೋಶದಿಂದ ಬಂದ ಪದವಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಮಳೆಗಾಲ ಎಂದರೆ ಕರೆಂಟು ಇಲ್ಲದ ಕಾಲ. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ವಾರಗಟ್ಟಲೆ ಕತ್ತಲು. ಜಗಲಿಯಲ್ಲಿ ಲಾಟೀನು, ಅಡುಗೆಮನೆಯಲ್ಲಿ ಚಿಮಣಿ ಬುಡ್ಡಿ. ಲಾಟೀನಿಗೆ ಗಾಜಿತ್ತು, ಬುಡ್ಡಿಗೆ ಇರಲಿಲ್ಲ. ಯಾರಾದರೂ ಹಿತ್ತಲ ಬಾಗಿಲು ತೆಗೆದರೆ ಬುಡ್ಡಿಯ ಕುಡಿ ಒಂದು ಕಡೆಗೆ ಮಲಗಿಬಿಡುತ್ತಿತ್ತು. ಆಗ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ಕೂಸೇ, ದೀಪ ಹೊಯ್ದಾಡ್ತಾ ಇದೆ ನೋಡು." ನೋಡು ಎಂದರೆ ನೋಡುತ್ತ ಕೂರು ಎಂದಲ್ಲ. ಎದ್ದು ಬಾಗಿಲು ಹಾಕು, ಇಲ್ಲವೇ ಕೈ ಅಡ್ಡ ಹಿಡಿ ಎಂದು. ಆ ವಾಕ್ಯ ವರ್ಣನೆಯ ಹಾಗೆ ಕೇಳಿಸಿದರೂ ಒಳಗೆ ಒಂದು ಕೆಲಸ ಇರುತ್ತಿತ್ತು. ಕೈ ಅಡ್ಡ ಹಿಡಿದಾಗ ಅಂಗೈ ಕೆಂಪಾಗಿ ಕಾಣುವುದು ನನಗೆ ಇಷ್ಟವಿದ್ದುದರಿಂದ ಓಡಿ ಹೋಗುತ್ತಿದ್ದೆ.

ಮನಸ್ಸಿಗೂ ಅದೇ ಪದ ಬಳಸುತ್ತೇವೆ. ಕೆಲಸ ಬಿಡಲೋ ಬೇಡವೋ ಎಂದು ಮನಸ್ಸು ಹೊಯ್ದಾಡುತ್ತದೆ. ಆದರೆ ಅಲ್ಲಿ ಎರಡು ದಡ ಇರಬೇಕು. ಆಚೆಗೊಂದು, ಈಚೆಗೊಂದು, ನಡುವೆ ಮನಸ್ಸು. ಇಂಗ್ಲಿಷಿನ ಫ್ಲಿಕರ್‌ಗೆ ಎರಡು ದಡ ಬೇಕಿಲ್ಲ. ಅದು ಒಂದೇ ಕಡೆ ಬಂದು, ಅಲ್ಲಿಂದಲೇ ಹೋಗುತ್ತದೆ. ನನ್ನ ಮೂರು ದಿನದ ತೊಂದರೆ ಇದೇ.

ಆ ಪದದ ಜಾತಕ ತೆಗೆದು ನೋಡಿದೆ. ಹಳೆಯ ಇಂಗ್ಲಿಷಿನಲ್ಲಿ ಅದು 'ಫ್ಲಿಕೊರಿಯನ್'. ಆಗ ಅದಕ್ಕೂ ಬೆಳಕಿಗೂ ಸಂಬಂಧವೇ ಇರಲಿಲ್ಲ. ಹಕ್ಕಿ ಹಗುರವಾಗಿ, ಬೇಗ ಬೇಗ ರೆಕ್ಕೆ ಬಡಿಯುವುದನ್ನು ಹೇಳುತ್ತಿತ್ತು. ಜ್ವಾಲೆಗೆ ಆ ಮಾತು ಅಂಟಿಕೊಂಡದ್ದು ನೂರಾರು ವರ್ಷಗಳ ನಂತರ. ಮೇಣದ ಬತ್ತಿಯ ಕುಡಿಯಲ್ಲಿ ಯಾರೋ ರೆಕ್ಕೆ ಕಂಡಿರಬೇಕು. ಇದು ನಮಗೆ ತೀರಾ ಹೊರಗಿನದಲ್ಲ. ಯಾರಾದರೂ ಸತ್ತರೆ ಪ್ರಾಣಪಕ್ಷಿ ಹಾರಿಹೋಯಿತು ಎನ್ನುತ್ತೇವೆ, ಬದುಕಿನ ದೀಪ ಆರಿತು ಎಂದೂ ಎನ್ನುತ್ತೇವೆ. ಹಕ್ಕಿ ಮತ್ತು ದೀಪ, ಎರಡನ್ನೂ ನಾವು ಬೇರೆ ಬೇರೆ ವಾಕ್ಯಗಳಲ್ಲಿ ಇಟ್ಟಿದ್ದೇವೆ. ಇಂಗ್ಲಿಷಿನವರು ಒಂದೇ ಕ್ರಿಯಾಪದದಲ್ಲಿ ಇಟ್ಟರು. (ಅಮೆರಿಕದಲ್ಲಿ ಫ್ಲಿಕರ್ ಎಂಬ ಹೆಸರಿನ ಮರಕುಟಿಗವೂ ಇದೆ. ಅದಕ್ಕೂ ದೀಪಕ್ಕೂ ಸಂಬಂಧವಿಲ್ಲ. ಅದರ ಕೂಗಿನಿಂದ ಆ ಹೆಸರು ಬಂದಿರಬಹುದು ಎನ್ನುತ್ತಾರೆ.)

ಸಿನಿಮಾವನ್ನು ಅವರು ಆಡುಮಾತಿನಲ್ಲಿ ಫ್ಲಿಕ್ ಎನ್ನುವುದೂ ಇದರಿಂದಲೇ. ಮೊದಮೊದಲ ಮೂಕಿಚಿತ್ರಗಳು ಪರದೆಯ ಮೇಲೆ ಕಣ್ಣಿಗೆ ಹಿಂಸೆಯಾಗುವಷ್ಟು ಅದುರುತ್ತಿದ್ದವು. ಆಮೇಲೆ ಪ್ರೊಜೆಕ್ಟರಿನ ಷಟರ್ ಸುಧಾರಿಸಿದರು. ಸೆಕೆಂಡಿಗೆ 24 ಚಿತ್ರ, ಒಂದೊಂದನ್ನೂ ಷಟರ್ ಎರಡು ಸಲ ಕಡಿದು ತೋರಿಸಿದರೆ 48 ಮಿಂಚು. ಅಷ್ಟಾದರೆ ಕಣ್ಣು ಬಹುಮಟ್ಟಿಗೆ ಸುಮ್ಮನಾಗುತ್ತದೆ. ನಮ್ಮ ಮನೆಯ ಹಳೆಯ ಬಲ್ಬು ಕೂಡ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಮಗೆ ಕಾಣುವುದಿಲ್ಲ ಅಷ್ಟೇ. ನಿಶ್ಚಲ ಎಂದು ನಾವು ಕರೆಯುವ ಎಷ್ಟೋ ಬೆಳಕು ನಮ್ಮ ಕಣ್ಣಿಗಿಂತ ಜೋರಾಗಿ ಓಡುವ ಹೊಯ್ದಾಟ.

ಆದರೆ ಈ ಪದದಲ್ಲಿ ನನಗೆ ನಿಜವಾಗಿ ಆಸಕ್ತಿ ಹುಟ್ಟಿಸಿದ್ದು ಬೇರೆ. ಫ್ಲಿಕರ್ ಎನ್ನುವಾಗ ಬೆಳಕು ಹುಟ್ಟುತ್ತಿದೆಯೋ ಸಾಯುತ್ತಿದೆಯೋ ಎಂದು ಅದು ಹೇಳುವುದಿಲ್ಲ. ಹಳೆಯ ಟ್ಯೂಬ್‌ಲೈಟನ್ನು ನೆನಪಿಸಿಕೊಳ್ಳಿ. ಸ್ವಿಚ್ ಹಾಕಿದರೆ ಸ್ಟಾರ್ಟರಿನೊಳಗಿನ ಪಟ್ಟಿ ಬಿಸಿಯಾಗಿ ಕೂಡಿಕೊಂಡು, ತಣ್ಣಗಾಗಿ ಬಿಟ್ಟುಕೊಂಡು, ಚೋಕ್ ಒಂದು ಒದೆ ಕೊಟ್ಟು, ಎರಡು ಮೂರು ಸಲ ಮಿಣಕ್ ಮಿಣಕ್ ಎಂದ ಮೇಲೆ ಕೊಳವೆ ಹೊತ್ತಿಕೊಳ್ಳುತ್ತಿತ್ತು. ತಡವಾಗಿ ಅರ್ಥಮಾಡಿಕೊಳ್ಳುವವರನ್ನು ನಾವು ಟ್ಯೂಬ್‌ಲೈಟ್ ಎನ್ನುವುದು ಅದಕ್ಕೇ. ಅದೇ ಕೊಳವೆ ಹಳತಾಗಿ ತುದಿ ಕಪ್ಪಾದಾಗಲೂ ಹಾಗೇ ಮಿಣಕ್ ಮಿಣಕ್ ಎನ್ನುತ್ತಿತ್ತು. ಆ ಎರಡು ಸೆಕೆಂಡು ನೋಡಿದವನಿಗೆ ಇದು ಹುಟ್ಟೋ ಸಾವೋ ತಿಳಿಯದು. ಆರುವ ದೀಪಕ್ಕೆ ಕಾಂತಿ ಹೆಚ್ಚು ಎಂದು ನಮ್ಮವರು ಗಾದೆ ಮಾಡಿದ್ದಾರೆ. ಆದರೆ ಕಾಂತಿ ಹೆಚ್ಚಾದ ದೀಪವೆಲ್ಲ ಆರುವುದಿಲ್ಲವಲ್ಲ.

ಇಂಗ್ಲಿಷಿನವರು ಮನಸ್ಸಿನ ಸಣ್ಣ ಸಂಗತಿಗಳಿಗೆಲ್ಲ ಈ ಪದ ಹಚ್ಚುತ್ತಾರೆ. ಆಸೆಯ ಫ್ಲಿಕರ್, ಅನುಮಾನದ ಫ್ಲಿಕರ್, ಗುರುತು ಸಿಕ್ಕಿದ ಫ್ಲಿಕರ್, ಪಶ್ಚಾತ್ತಾಪದ ಫ್ಲಿಕರ್. ಕನ್ನಡ ಇಂಥ ಕಡೆ ಸಾಮಾನ್ಯವಾಗಿ ಬೆಳಕಿನ ಬಳಿ ಹೋಗುವುದಿಲ್ಲ, ಎಳ್ಳಿನ ಬಳಿ ಹೋಗುತ್ತದೆ. ಎಳ್ಳಷ್ಟೂ ಅನುಮಾನವಿಲ್ಲ. ಸಾಸಿವೆಯಷ್ಟೂ ಕರುಣೆಯಿಲ್ಲ. ಕೂದಲೆಳೆಯಷ್ಟು ಅಂತರ. ಆಸೆಗೆ ಮಾತ್ರ 'ಆಶಾಕಿರಣ' ಎನ್ನುತ್ತೇವೆ, ಅದೂ ಪತ್ರಿಕೆಗಳಲ್ಲಿ ಹೆಚ್ಚು. ಎಳ್ಳಿಗೂ ಫ್ಲಿಕರ್‌ಗೂ ಇರುವ ವ್ಯತ್ಯಾಸ ಚಿಕ್ಕದಲ್ಲ. ಎಳ್ಳು ಎಷ್ಟೇ ಸಣ್ಣದಾದರೂ ಇದ್ದ ಕಡೆ ಇರುತ್ತದೆ. ಇಂದು ಒಂದು, ನಾಳೆ ಒಂದು ಕೂಡಿಟ್ಟರೆ ಗಾಣಕ್ಕೆ ಹಾಕಬಹುದು. ಫ್ಲಿಕರ್ ಕೂಡಿಡಲು ಬರುವುದಿಲ್ಲ. ನೂರು ಸಲ ಬಂದು ಹೋದರೂ ನೂರನೆಯದು ಮೊದಲನೆಯದರಷ್ಟೇ. ಎಳ್ಳಷ್ಟು ಕರುಣೆ ಇದ್ದವನ ಬಳಿ ಏನೋ ಒಂದು ಇದೆ. ಕರುಣೆಯ ಫ್ಲಿಕರ್ ಬಂದು ಹೋದವನ ಬಳಿ ಏನಿದೆ?

ಇದೇ ಪ್ರಶ್ನೆ ಫಿಶರ್‌ದೂ. ಆದರೆ ಅವನಿಗಿಂತ ಮೊದಲು ಹ್ಯಾರಿ ಫ್ರಾಂಕ್‌ಫರ್ಟ್ ಬಗ್ಗೆ ಹೇಳಬೇಕು. 2023ರಲ್ಲಿ ತೀರಿಕೊಂಡ ಈತ ಹೊರಗಿನ ಓದುಗರಿಗೆ ಗೊತ್ತಿರುವುದು ಬೊಗಳೆಯ ಬಗ್ಗೆ ಬರೆದ, ಹೆಸರು ಹೇಳಲು ಮುಜುಗರವಾಗುವ ಪುಟ್ಟ ಪುಸ್ತಕದಿಂದ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುವುದು 1969ರ ಒಂದು ಸಣ್ಣ ಪ್ರಬಂಧದಿಂದ. ಬೇರೆ ರೀತಿ ಮಾಡಲು ಸಾಧ್ಯವಿದ್ದರೆ ಮಾತ್ರ ಮನುಷ್ಯ ತಾನು ಮಾಡಿದ್ದಕ್ಕೆ ಹೊಣೆ ಎಂದು ನಾವೆಲ್ಲ ನಂಬಿದ್ದೇವೆ. ಬೇರೆ ದಾರಿಯೇ ಇಲ್ಲದವನನ್ನು ಬೈದು ಏನು ಫಲ? ಫ್ರಾಂಕ್‌ಫರ್ಟ್ ಈ ನಂಬಿಕೆಯನ್ನೇ ಅಲುಗಾಡಿಸಿದ. ಅವನ ಕಥೆಯಲ್ಲಿ ಜೋನ್ಸ್ ಎಂಬವನಿದ್ದಾನೆ, ಬ್ಲ್ಯಾಕ್ ಎಂಬವನಿದ್ದಾನೆ. ಜೋನ್ಸ್ ಒಂದು ಕೆಲಸ ಮಾಡಬೇಕೆಂದು ಬ್ಲ್ಯಾಕ್‌ಗೆ ಆಸೆ. ಆದರೆ ಅನಗತ್ಯವಾಗಿ ಕೈಹಾಕುವುದು ಅವನಿಗೆ ಇಷ್ಟವಿಲ್ಲ. ಜೋನ್ಸ್ ಬೇರೆ ಏನನ್ನೋ ನಿರ್ಧರಿಸಲಿದ್ದಾನೆ ಎಂದು ಕಂಡರೆ ಮಾತ್ರ ನಡುವೆ ಬಂದು, ತನಗೆ ಬೇಕಾದ್ದನ್ನೇ ಮಾಡಿಸುತ್ತಾನೆ. ಅದಕ್ಕೆ ಬೇಕಾದ ಉಪಾಯ ಅವನ ಬಳಿ ಇದೆ. ಆದರೆ ಜೋನ್ಸ್ ತನ್ನಷ್ಟಕ್ಕೆ, ತನ್ನದೇ ಕಾರಣಗಳಿಗಾಗಿ ಆ ಕೆಲಸ ಮಾಡಿಬಿಡುತ್ತಾನೆ. ಬ್ಲ್ಯಾಕ್ ಕಡ್ಡಿ ಅಲುಗಿಸುವುದಿಲ್ಲ. ಈಗ ನೋಡಿ: ಜೋನ್ಸ್‌ಗೆ ಬೇರೆ ದಾರಿ ಇರಲಿಲ್ಲ, ಆದರೂ ಹೊಣೆ ಅವನದೇ.

ಇದಕ್ಕೆ ಆಕ್ಷೇಪ ಬಂತು. ಜೋನ್ಸ್ ಎತ್ತ ಹೊರಟಿದ್ದಾನೆ ಎಂದು ಬ್ಲ್ಯಾಕ್‌ಗೆ ತಿಳಿಯಬೇಕಾದರೆ ಏನಾದರೂ ಸೂಚನೆ ಬೇಕಲ್ಲ? ಮುಖ ಕೆಂಪಾಗುವುದೋ, ಹುಬ್ಬು ಗಂಟಾಗುವುದೋ, ಮಿದುಳಿನಲ್ಲಿ ಏನೋ ಒಂದು ಮಿಡಿಯುವುದೋ. ಆ ಸೂಚನೆ ತೋರಿಸುವ ಅವಕಾಶವಂತೂ ಜೋನ್ಸ್‌ಗೆ ಉಳಿದಿತ್ತು. ಅಷ್ಟರ ಮಟ್ಟಿಗೆ ಅವನಿಗೆ ಬೇರೆ ದಾರಿ ಇತ್ತು. ಹೊಣೆ ನಿಂತಿರುವುದು ಆ ಇಷ್ಟೇ ಇಷ್ಟು ಜಾಗದ ಮೇಲೆ. ಈ ಜಾಗಕ್ಕೆ ಫಿಶರ್ ಇಟ್ಟ ಹೆಸರು ಫ್ಲಿಕರ್ ಆಫ್ ಫ್ರೀಡಂ. 1994ರ 'ದ ಮೆಟಫಿಸಿಕ್ಸ್ ಆಫ್ ಫ್ರೀ ವಿಲ್' ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸುತ್ತಾನೆ. ಅವನ ತೀರ್ಮಾನ: ಫ್ಲಿಕರ್ ಇದೆ, ಸರಿ, ಆದರೆ ಅದು ಹೊಣೆಯ ಭಾರ ಹೊರುವಷ್ಟು ಗಟ್ಟಿಯಲ್ಲ. ಮುಖ ಕೆಂಪಾಗುವುದು ನಾನು ಮಾಡುವ ಕೆಲಸವಲ್ಲ, ನನಗೆ ಆಗುವ ಸಂಗತಿ. ಹೊಣೆಯನ್ನು ಹುಡುಕಬೇಕಾದ್ದು ಅಲ್ಲಲ್ಲ, ಮಾಡಿದ ಕೆಲಸ ಯಾರ ಕಾರಣಗಳಿಂದ ಹೊರಬಂತು ಎನ್ನುವಲ್ಲಿ.

ಹೆಸರಿನಲ್ಲೇ ತೀರ್ಪು ಅಡಗಿದೆ ಎಂದು ನನಗೆ ಅನ್ನಿಸಿತು. ಅದನ್ನು ಸ್ವಾತಂತ್ರ್ಯದ ಬೀಜ ಎಂದು ಕರೆದಿದ್ದರೆ ಚರ್ಚೆ ಬೇರೆ ಕಡೆ ಹೋಗುತ್ತಿತ್ತು. ಎಳ್ಳಷ್ಟು ಸ್ವಾತಂತ್ರ್ಯ ಎಂದಿದ್ದರೂ ಬೇರೆಯೇ. ಫ್ಲಿಕರ್ ಎಂದ ಕೂಡಲೇ ಅರ್ಧ ವಾದ ಮುಗಿದಿತ್ತು. ಬಂದು ಹೋಗುವುದರ ಮೇಲೆ ಯಾರಾದರೂ ಮನೆ ಕಟ್ಟುತ್ತಾರೆಯೇ?

ನಮ್ಮ ಪರಂಪರೆಯೂ ಹೊಯ್ದಾಡುವ ದೀಪದ ಪರ ಇಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಯೋಗಿಯ ಚಿತ್ತಕ್ಕೆ ಹೋಲಿಕೆ ಗಾಳಿಯಿಲ್ಲದ ಕಡೆ ಇಟ್ಟ ದೀಪ, ಅಲುಗದ ಕುಡಿ. ಧಮ್ಮಪದದ ಚಿತ್ತವಗ್ಗದಲ್ಲಿ ಮನಸ್ಸು ನೀರಿನಿಂದ ತೆಗೆದು ನೆಲಕ್ಕೆ ಎಸೆದ ಮೀನಿನ ಹಾಗೆ ಒದ್ದಾಡುತ್ತದೆ. ಎರಡೂ ಕಡೆ ಅಲುಗಾಟ ಒಂದು ಕಾಯಿಲೆ, ನಿಲ್ಲಿಸಬೇಕಾದ್ದು. ಇದನ್ನು ಬಹಳ ದಿನ ಒಪ್ಪಿಕೊಂಡೇ ಇದ್ದೆ. ಆಮೇಲೆ ಒಂದು ಸಂಗತಿ ಹೊಳೆಯಿತು: ರೆಪ್ಪೆ ಮಿಟುಕಿಸದೆ ಸುಳ್ಳು ಹೇಳುವವನ ಮನಸ್ಸೂ ಗಾಳಿಯಿಲ್ಲದ ಕಡೆ ಇಟ್ಟ ದೀಪವೇ. ಅವನ ಕುಡಿಯೂ ಅಲುಗುವುದಿಲ್ಲ. ಮುಖದ ಒಂದು ಗೆರೆಯೂ ಬದಲಾಗದೆ ಅನ್ಯಾಯ ಮಾಡಬಲ್ಲವರನ್ನು ನಾವೆಲ್ಲ ನೋಡಿದ್ದೇವೆ. ಹಾಗಾದರೆ ಅವರಿಗಿಂತ, ಮಾಡುವ ಮುಂಚೆ ಒಂದು ಗಳಿಗೆ ಅಳುಕಿದವನು ಮೇಲಲ್ಲವೇ? ಸ್ವಲ್ಪವಾದರೂ?

ಈ ಪ್ರಶ್ನೆ ನಾನು ಯಾರದೋ ಪರವಾಗಿ ಕೇಳುತ್ತಿಲ್ಲ.

ನಮ್ಮ ವಿಭಾಗದಲ್ಲಿ ಒಮ್ಮೆ ಎರಡು ದಿನದ ವಿಚಾರಸಂಕಿರಣ ನಡೆಯಿತು. ಕೈಖರ್ಚಿನ ಹಣ ನೋಡಿಕೊಳ್ಳುತ್ತಿದ್ದವಳು ಆಗಷ್ಟೇ ಸೇರಿದ್ದ ಕಿರಿಯ ಸಂಶೋಧನಾ ವಿದ್ಯಾರ್ಥಿನಿ. ಲೆಕ್ಕ ಒಪ್ಪಿಸುವಾಗ 3,400 ರೂಪಾಯಿಗೆ ರಸೀದಿ ಇರಲಿಲ್ಲ. ಆ ಹಣ ಎಲ್ಲಿ ಹೋಯಿತು ಎಂದು ನನಗೆ ಗೊತ್ತಿತ್ತು. ಮೊದಲ ದಿನ ರಾತ್ರಿ ಒಬ್ಬ ಹಿರಿಯ ಅಧ್ಯಾಪಕರು ಅತಿಥಿಯನ್ನು ಕರೆತಂದ ಬಾಡಿಗೆ ಕಾರಿನವನಿಗೆ ಕೊಡಲು ಅವಳಿಂದ ತೆಗೆದುಕೊಂಡಿದ್ದರು. "ಬಿಲ್ಲು ಆಮೇಲೆ ತರಿಸೋಣ" ಎಂದಿದ್ದರು. ನಾನು ಪಕ್ಕದಲ್ಲೇ ಇದ್ದೆ. ಹಣ ಇದ್ದ ಲಕೋಟೆಯನ್ನು ಅವಳ ಕೈಯಿಂದ ಅವರ ಕೈಗೆ ದಾಟಿಸಿದ್ದೇ ನಾನು. ಸಭೆಯಲ್ಲಿ ಅವಳು ಅದನ್ನು ಹೇಳಿದಳು. ಅವರು, "ನನಗೆ ಹಾಗೇನೂ ನೆನಪಿಲ್ಲಮ್ಮ" ಎಂದರು. ಮರೆತಿದ್ದರೋ, ಮರೆತಂತೆ ಇದ್ದರೋ ನನಗೆ ಈಗಲೂ ತಿಳಿಯದು. ಮೇಜಿನ ತಲೆಯಲ್ಲಿ ಕೂತವರು ಎಲ್ಲರ ಕಡೆ ನೋಡಿ, "ಯಾರಿಗಾದರೂ ಇದರ ಬಗ್ಗೆ ಏನಾದರೂ ಗೊತ್ತಾ?" ಎಂದು ಕೇಳಿದರು.

ಆ ಕೋಣೆಯ ಟ್ಯೂಬ್‌ಲೈಟ್ ಆಗ ಮಿಣಕ್ ಎಂದಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅದು ಸರಿಯಾಗಿಯೇ ಉರಿಯುತ್ತಿತ್ತು. ನನ್ನ ಅರ್ಧವಾರ್ಷಿಕ ಪ್ರಗತಿ ವರದಿಗೆ ಆ ಅಧ್ಯಾಪಕರ ಸಹಿ ಬೇಕಿತ್ತು. ನನ್ನೊಳಗೆ ಏನೋ ಎದ್ದಿತು, ಗಂಟಲವರೆಗೂ ಬಂತು. ಆಮೇಲೆ ಕೂತಿತು. ಎಷ್ಟು ಹೊತ್ತು? ಎರಡು ಸೆಕೆಂಡು ಇರಬಹುದು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಅವಳು ತನ್ನ ಕೈಯಿಂದ 3,400 ರೂಪಾಯಿ ಕಟ್ಟಿದಳು. ಫೆಲೋಶಿಪ್ ಆ ವರ್ಷ ನಾಲ್ಕು ತಿಂಗಳು ತಡವಾಗಿತ್ತು.

ಆ ಎರಡು ಸೆಕೆಂಡನ್ನು ನಾನು ಬಹಳ ಕಾಲ ಒಂದು ಉಳಿತಾಯ ಖಾತೆಯ ಹಾಗೆ ಇಟ್ಟುಕೊಂಡಿದ್ದೆ. ಹೇಳಲಿಲ್ಲ, ನಿಜ, ಆದರೆ ಹೇಳಬೇಕೆಂದು ಅನ್ನಿಸಿತ್ತಲ್ಲ. ಆ ಕೋಣೆಯಲ್ಲಿ ಉಳಿದವರಿಗೆ ಅಷ್ಟೂ ಅನ್ನಿಸಿರಲಿಲ್ಲವೇನೋ. ಜೊತೆಗೆ ಇನ್ನೊಂದು ಸಮಾಧಾನವನ್ನೂ ಕಟ್ಟಿಕೊಂಡಿದ್ದೆ: ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ನನ್ನ ಮಾತಿಗೆ ಅಲ್ಲಿ ಯಾವ ಬೆಲೆ? ಅವರು ನೆನಪಿಲ್ಲ ಎನ್ನುತ್ತಿದ್ದರು, ಅವಳು ಹಣ ಕಟ್ಟುತ್ತಿದ್ದಳು, ನನ್ನ ಸಹಿಯೂ ಹೋಗುತ್ತಿತ್ತು.

ಫ್ರಾಂಕ್‌ಫರ್ಟ್‌ನ ಪ್ರಬಂಧವನ್ನು ಮತ್ತೆ ಓದುವಾಗ ಈ ಎರಡನೆಯ ಸಮಾಧಾನ ಮೊದಲು ಮುರಿಯಿತು. ಅವನ ಕಥೆಯ ಹುರುಳೇ ಅದು. ಫಲ ಮೊದಲೇ ನಿರ್ಧಾರವಾಗಿತ್ತು ಎನ್ನುವುದು ಜೋನ್ಸ್‌ನನ್ನು ಉಳಿಸುವುದಿಲ್ಲ, ಯಾಕೆಂದರೆ ಬ್ಲ್ಯಾಕ್ ಏನೂ ಮಾಡಲೇ ಇಲ್ಲ. ನನ್ನನ್ನೂ ಯಾರೂ ತಡೆಯಲಿಲ್ಲ. ಯಾರೂ ಕಣ್ಣು ಬಿಡಲಿಲ್ಲ, ಬೆದರಿಸಲಿಲ್ಲ. ಬೇಕಾದದ್ದನ್ನು ನಾನೇ, ನನ್ನದೇ ಕಾರಣಕ್ಕೆ, ಬಹಳ ಸಲೀಸಾಗಿ ಮಾಡಿಕೊಟ್ಟೆ. ಎಲ್ಲೋ ಒಬ್ಬ ಬ್ಲ್ಯಾಕ್ ಕೂತಿದ್ದರೂ ಅವನಿಗೆ ಅವತ್ತು ಕೆಲಸವೇ ಇರಲಿಲ್ಲ.

ಮೊದಲನೆಯ ಸಮಾಧಾನ ಮುರಿಯಲು ಇನ್ನೊಂದು ಪುಸ್ತಕ ಬೇಕಾಯಿತು. ಪಾಲಿಯ 'ಮಿಲಿಂದಪನ್ಹ'ದಲ್ಲಿ ಗ್ರೀಕ್ ಮೂಲದ ರಾಜ ಮಿಲಿಂದ ಭಿಕ್ಷು ನಾಗಸೇನನನ್ನು ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಅಲ್ಲೊಂದು ಪ್ರಸಿದ್ಧ ದೀಪವಿದೆ. ರಾತ್ರಿಯ ಮೊದಲ ಜಾವದ ಜ್ವಾಲೆಯೇ ಕೊನೆಯ ಜಾವದ ಜ್ವಾಲೆಯೋ? ಅಲ್ಲ. ಹಾಗಾದರೆ ಅದು ಬೇರೆ ದೀಪವೋ? ಅದೂ ಅಲ್ಲ. ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ, ಸುಂದರವಾಗಿದೆ ಎಂದು. ಅದೇ ಪುಸ್ತಕದಲ್ಲಿ ಇನ್ನೊಂದು ದೀಪವಿದೆ, ಅಷ್ಟು ಪ್ರಸಿದ್ಧವಲ್ಲ. ಒಬ್ಬ ದೀಪ ಹಿಡಿದು ಮಹಡಿಗೆ ಹೋಗಿ ಊಟ ಮಾಡುತ್ತಾನೆ. ದೀಪದ ಉರಿ ಮಾಡಿನ ಹುಲ್ಲಿಗೆ ತಾಗುತ್ತದೆ, ಹುಲ್ಲಿನಿಂದ ಮನೆಗೆ, ಮನೆಯಿಂದ ಊರಿಗೆ. ಊರವರು ಹಿಡಿದಾಗ ಅವನು ಹೇಳುತ್ತಾನೆ: ನಾನು ಊಟ ಮಾಡಿದ ದೀಪದ ಬೆಂಕಿಯೇ ಬೇರೆ, ಊರು ಸುಟ್ಟ ಬೆಂಕಿಯೇ ಬೇರೆ. ತತ್ತ್ವಶಾಸ್ತ್ರದ ಪ್ರಕಾರ ಅವನ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ನಾಗಸೇನನೇ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆ ಎಂದವನು. ಆದರೂ ನೀನು ಯಾರ ಪರ ತೀರ್ಪು ಕೊಡುತ್ತೀಯೆ ಎಂದು ಕೇಳಿದರೆ ರಾಜ ಊರವರ ಪರ ಎನ್ನುತ್ತಾನೆ. ಆ ಬೆಂಕಿ ಹುಟ್ಟಿದ್ದು ಈ ಬೆಂಕಿಯಿಂದಲೇ.

ನಾನು ಮಾಡುತ್ತಿದ್ದುದು ಆ ಮನುಷ್ಯನ ವಾದವನ್ನೇ. ಹೇಳಬೇಕೆಂದು ಎದ್ದ ನಾನು ಬೇರೆ, ಸುಮ್ಮನೆ ಕೂತ ನಾನು ಬೇರೆ ಎಂದು ಎರಡು ಭಾಗ ಮಾಡಿ, ಒಳ್ಳೆಯ ಭಾಗಕ್ಕೆ ನನ್ನ ಹೆಸರು ಇಟ್ಟುಕೊಂಡಿದ್ದೆ. ಆದರೆ ಮೌನ ಹುಟ್ಟಿದ್ದು ಆ ಎರಡು ಸೆಕೆಂಡಿನಿಂದಲೇ. ಅಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿತ್ತು: ಸತ್ಯ ಏನು, ಅದಕ್ಕೆ ಬೆಲೆ ಎಷ್ಟು, ನಾನು ಅಷ್ಟು ಕೊಡುವುದಿಲ್ಲ ಎನ್ನುವುದು. ಏನೂ ಅನ್ನಿಸದೆ ಕೂತಿದ್ದರೆ ನಾನು ಗಮನಿಸಲಿಲ್ಲ ಎನ್ನಬಹುದಿತ್ತು. ಅಳುಕಿದ್ದರಿಂದ ಆ ಬಾಗಿಲೂ ಮುಚ್ಚಿತು.

ಇಷ್ಟಕ್ಕೆ ಫಿಶರ್‌ನೊಂದಿಗೆ ನನಗೆ ಜಗಳವಿಲ್ಲ. ಹೊಣೆ ಫ್ಲಿಕರ್‌ನಲ್ಲಿಲ್ಲ, ಕಾರಣಗಳಲ್ಲಿದೆ ಎನ್ನುವುದು ನನ್ನ ವಿಷಯದಲ್ಲಿ ನಿಜವೇ. ಆದರೆ ಫ್ಲಿಕರ್‌ಗೆ ಹಾಗಾದರೆ ಏನೂ ತೂಕವಿಲ್ಲವೇ ಎನ್ನುವುದು ನನಗೆ ಸುಮಾರು ಎಂಟು ತಿಂಗಳ ಮೇಲೆ, ಕ್ಯಾಂಟೀನಿನಲ್ಲಿ, ಅವಳೇ ಎತ್ತಿದ ಒಂದು ಮಾತಿನಿಂದ ತಿಳಿಯಿತು. ಬೇರೆ ಏನೋ ಮಾತಾಡುತ್ತಿದ್ದೆವು. ಅವಳು ಟೀ ಲೋಟ ಕೆಳಗಿಟ್ಟು, "ಅಕ್ಕಾ, ಅವತ್ತು ಮೀಟಿಂಗಲ್ಲಿ ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ನೀವು ಹೇಳ್ತೀರಿ ಅನ್ಕೊಂಡೆ. ಇನ್ನೇನು ಬಾಯಿ ಬಿಟ್ರಿ ಅಂತ ಅನ್ನಿಸ್ತು" ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳೇ, "ಹೋಗ್ಲಿ ಬಿಡಿ, ಬೇಜಾರಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅದೊಂದು ಕ್ಷಣ ಮಾತ್ರ ತುಂಬಾ ಧೈರ್ಯ ಬಂದಿತ್ತು" ಎಂದಳು.

ತತ್ತ್ವಶಾಸ್ತ್ರದ ಆ ಕಥೆಯಲ್ಲಿ ಜೋನ್ಸ್‌ನ ಮುಖ ನೋಡುವವನು ಬ್ಲ್ಯಾಕ್ ಒಬ್ಬನೇ. ಅವನಿಗೆ ಅದು ಒಂದು ಸೂಚನೆ, ಯಂತ್ರದ ಮೇಲಿನ ಮುಳ್ಳು. ಕೋಣೆಯಲ್ಲಿ ಮೂರನೆಯವರು ಯಾರೂ ಇಲ್ಲ. ಐವತ್ತು ವರ್ಷಗಳಿಂದ ಎಷ್ಟೋ ಜಾಣರು ಆ ಕಥೆಯನ್ನು ತಿದ್ದಿದ್ದಾರೆ, ಮಿದುಳಿಗೆ ಯಂತ್ರ ಜೋಡಿಸಿದ್ದಾರೆ. ಜೋನ್ಸ್‌ನ ನಿರ್ಧಾರದ ಮೇಲೆ ಬದುಕು ನಿಂತಿರುವ ಒಬ್ಬರನ್ನು ಎದುರಿಗೆ ಕೂರಿಸಿ, ಅವರೂ ಆ ಮುಖವನ್ನು ನೋಡುತ್ತಿದ್ದಾರೆ ಎಂದು ಬರೆದ ಒಂದು ಕಥೆ ನನ್ನ ಓದಿಗೆ ಸಿಕ್ಕಿಲ್ಲ. ಹೊಣೆಯ ತರ್ಕಕ್ಕೆ ಅವರು ಬೇಕಿಲ್ಲ, ನಿಜ. ನಾವು ಬದುಕುವ ಕೋಣೆಗಳಲ್ಲಿ ಮಾತ್ರ ಅವರು ಇದ್ದೇ ಇರುತ್ತಾರೆ. ನನಗೆ ಎರಡು ಸೆಕೆಂಡು ಬಂದು ಹೋದದ್ದು ಅವಳಿಗೆ ಒಂದು ಮಾತು ಕೊಟ್ಟ ಹಾಗೆ ಕಂಡಿತ್ತು. ನಾನು ಕಲ್ಲಿನ ಮುಖ ಹೊತ್ತು ಕೂತಿದ್ದರೆ ಅವಳು ಒಂದು ಸಲ ಸೋಲುತ್ತಿದ್ದಳು. ಅವತ್ತು ಎರಡು ಸಲ ಸೋತಳು.

ಧಮ್ಮಪದದಲ್ಲಿ ಮನಸ್ಸಿನ ಆ ಒದ್ದಾಟಕ್ಕೆ ಇರುವ ಪಾಲಿ ಪದ 'ಫಂದನ'. ಸಂಸ್ಕೃತದಲ್ಲಿ ಅದೇ 'ಸ್ಪಂದನ', ಬರೀ ಅದುರುವುದು, ಮಿಡಿಯುವುದು. ಇವತ್ತಿನ ಕನ್ನಡದಲ್ಲಿ ಸ್ಪಂದಿಸುವುದು ಎಂದರೆ ಇನ್ನೊಬ್ಬರ ಕಷ್ಟಕ್ಕೆ ಓಗೊಡುವುದು. ಅಧಿಕಾರಿಗಳು ಸ್ಪಂದಿಸಲಿಲ್ಲ ಎಂದು ದಿನಾ ಪತ್ರಿಕೆಯಲ್ಲಿ ಓದುತ್ತೇವೆ. ಪಂಡಿತರು ಇದನ್ನು ಅರ್ಥ ಸಡಿಲವಾದದ್ದು ಎನ್ನಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅದುರುವುದಕ್ಕೂ ಓಗೊಡುವುದಕ್ಕೂ ನಡುವಿನ ದೂರವನ್ನು ಈ ಪದ ಬಳಸುವ ಜನ ನಡೆದು ದಾಟಿದ್ದಾರೆ. ಪಾಲಿಯ ಅರ್ಥದಲ್ಲಿ ನಾನು ಅವತ್ತು ಸ್ಪಂದಿಸಿದೆ, ಕನ್ನಡದ ಅರ್ಥದಲ್ಲಿ ಇಲ್ಲ.

ಅಜ್ಜಿಯ ವಾಕ್ಯದ ಕಡೆಗೂ ಒಂದು ಆಸೆ ಎಳೆಯುತ್ತದೆ, ಅದನ್ನೂ ಒಪ್ಪಿಕೊಳ್ಳಬೇಕು. ಆ ಸಭೆಯಲ್ಲಿ ಯಾರಾದರೂ ಒಬ್ಬರು ನನ್ನ ಕಡೆ ತಿರುಗಿ, "ಏನೋ ಹೇಳೋಕೆ ಹೊರಟೆಯಲ್ಲ, ಹೇಳಮ್ಮ" ಎಂದಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಬಲವಾಗಿ ಅನ್ನಿಸುತ್ತದೆ. ಹೊಯ್ದಾಡುವ ಕುಡಿಗೆ ಕೈ ಅಡ್ಡ ಹಿಡಿಯುವವರು ಬೇಕು. ಮೇಷ್ಟ್ರಾದವರಿಗೆ, ಸಭೆ ನಡೆಸುವವರಿಗೆ ಇದು ಗೊತ್ತಿರಬೇಕು. ಎಷ್ಟೋ ಮುಖಗಳಲ್ಲಿ ಅದು ಬಂದು ಹೋಗುವುದನ್ನು ಅವರು ನೋಡುತ್ತಲೇ ಇರುತ್ತಾರೆ. ಆದರೆ ಈ ಮಾತನ್ನು ಹೇಳುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ಮೇಜಿನ ಆ ಬದಿಯಲ್ಲಿ ಅವಳೂ ಹೊಯ್ದಾಡುತ್ತಿದ್ದಳು. ಅವಳಿಗೆ ಅಡ್ಡ ಬರಬೇಕಾದ ಕೈ ನನ್ನದಿತ್ತು.

ಈ ಲೇಖನ ಬರೆಯಲು ತೊಡಗಿದ ಮೇಲೆ, ತಡವಾಗಿ, ನನಗೆ ಗೊತ್ತಿದ್ದದ್ದನ್ನು ಒಂದು ಪುಟದಲ್ಲಿ ಬರೆದು ಕೊಟ್ಟೆ. ಆ ವರ್ಷದ ಲೆಕ್ಕ ಮುಗಿದಿದೆ, ಈಗ ತೆರೆಯಲು ಬರುವುದಿಲ್ಲ ಎಂಬ ಉತ್ತರ ಬಂತು. ಪ್ರತಿಯನ್ನು ಅವಳಿಗೆ ತೋರಿಸಿದೆ. ಪೂರ್ತಿ ಓದಿ, ಮಡಚಿ ವಾಪಸ್ಸು ಕೊಟ್ಟು, "ಈಗ ಯಾಕಕ್ಕಾ?" ಎಂದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನಾನು ಏನೋ ಹೇಳಿದೆ. ಅದು ಸರಿಯಾದ ಉತ್ತರವಾಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಲೇಖನದಲ್ಲಿ ಕೊನೆಗೆ 'ಸ್ವಾತಂತ್ರ್ಯದ ಮಿಣುಕು' ಎಂದೇ ಇಟ್ಟಿದ್ದೇನೆ. ಫಿಶರ್‌ನ ವಾದಕ್ಕೆ ಅದು ಸಾಕು. ಹೊಯ್ದಾಟವನ್ನು ಅಲ್ಲಿ ಬಳಸಲು ಮನಸ್ಸು ಬರಲಿಲ್ಲ.